ಓದುಗರ ಪ್ರಶ್ನೆ: ಮನೆಯ ಹಳೇ ಕಾರನ್ನು ಆಶ್ರಮಕ್ಕೆ ಕೊಡಬೇಕು, ಕೀಲಿ ಕೊಟ್ಟರೆ ಸಾಕೇ?

ಪ್ರಶ್ನೆ: ನಮ್ಮದು 2012ರ ವ್ಯಾಗನ್‌ಆರ್, ಕೆಎ-25 ನಂಬರು. ಹೆಚ್ಚು ಓಡಿಲ್ಲ. ಆರ್‌ಸಿ ಇನ್ನೂ ತೀರಿಹೋದ ತಂದೆಯವರ ಹೆಸರಿನಲ್ಲೇ ಇದೆ. ಧಾರವಾಡದ ಹತ್ತಿರದ ಒಂದು ವೃದ್ಧಾಶ್ರಮಕ್ಕೆ ದಾನ ಕೊಡುವ ಮನಸ್ಸಿದೆ, ಅವರೂ ಒಪ್ಪಿದ್ದಾರೆ. ಬಾಂಡ್ ಪೇಪರ್ ಮೇಲೆ ಬರೆದುಕೊಟ್ಟು ಕೀಲಿ ಕೊಟ್ಟರೆ ಆಯಿತೇ? ಇನ್‌ಕಮ್ ಟ್ಯಾಕ್ಸಿನಲ್ಲಿ ಏನಾದರೂ ಬಿಡುತ್ತಾರೆಯೇ?

ಉತ್ತರ: ಕೀಲಿ ಕೊಟ್ಟರೆ ಸಾಲದು. ಟ್ಯಾಕ್ಸಿನಲ್ಲಿ ಏನೂ ಬಿಡುವುದಿಲ್ಲ.

ಬಾಂಡ್ ಪೇಪರ್ ಮೇಲೆ ಎಷ್ಟು ಚೆಂದ ಬರೆದರೂ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನೇ ಹೇಳಿತು. ಆ ಕಾರು ಹಲವು ಕೈ ದಾಟಿ ಹೋಗಿದ್ದರೂ ಅಪಘಾತದ ಪರಿಹಾರದ ಹೊಣೆ ಬಂದು ಬಿದ್ದದ್ದು ಆರ್‌ಸಿಯಲ್ಲಿ ಹೆಸರಿದ್ದ ಮೊದಲಿನವನ ತಲೆಗೆ. ನಾಳೆ ಆಶ್ರಮದ ಡ್ರೈವರ್ ಬೈಪಾಸಿನಲ್ಲಿ ಯಾರಿಗಾದರೂ ಗುದ್ದಿದರೆ ನೋಟಿಸು ನಿಮ್ಮ ಮನೆ ಬಾಗಿಲಿಗೇ ಬರುತ್ತದೆ. ಹೆಸರು ಬದಲಾಗುವ ತನಕ ಅದು ದಾನವಲ್ಲ, ಎರವಲು ಕೊಟ್ಟ ಗಾಡಿ.

ನಿಮ್ಮಲ್ಲಿ ಇನ್ನೊಂದು ಗಂಟಿದೆ: ಗಾಡಿ ತಂದೆಯವರ ಹೆಸರಿನಲ್ಲಿರುವುದು. ಇಲ್ಲಿ ಎರಡು ಹೆಜ್ಜೆ ಬೇಕು. ಮೊದಲು ನಮೂನೆ 31ರಲ್ಲಿ ಅರ್ಜಿ ಹಾಕಿ ವಾರಸುದಾರರೊಬ್ಬರ ಹೆಸರಿಗೆ ಮಾಡಿಸಿಕೊಳ್ಳಬೇಕು, ಆಮೇಲೆ ಅವರು ಸಂಸ್ಥೆಗೆ ವರ್ಗಾಯಿಸಬೇಕು. ಮೊದಲ ಹೆಜ್ಜೆಗೆ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಜೀವಂತ ಸದಸ್ಯರ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ಟು ಹೊಂದಿಸಿಕೊಳ್ಳಿ. ತಾಯಿ, ಅಕ್ಕ, ತಮ್ಮ ಎಲ್ಲರೂ ಸಹಿ ಹಾಕಬೇಕು. ಒಬ್ಬರು ಪುಣೆಯಲ್ಲಿದ್ದಾರೆ, ಇನ್ನೊಬ್ಬರು ಮಸ್ಕತ್‌ನಲ್ಲಿದ್ದಾರೆ ಎಂದರೆ ತಡವಾಗುವುದು ಇಲ್ಲಿಯೇ, ಆರ್‌ಟಿಒ ಕೌಂಟರಿನಲ್ಲಿ ಅಲ್ಲ. ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, 3 ತಿಂಗಳೊಳಗೆ ಹೆಸರು ಬದಲಿಸಲು ಅರ್ಜಿ ಹಾಕಬೇಕು ಎಂಬುದು ನಿಯಮ. ದಾಟಿದ್ದರೂ ಅರ್ಜಿ ಹಾಕಿ, ದಂಡದ ಲೆಕ್ಕ ಕಟ್ಟಿ ಮುಗಿಸಿ. ‘ಹಿಂದಿನ ತಾರೀಖು ಹಾಕಿ ಅಪ್ಪನ ಸಹಿ ನಾವೇ ಮಾಡ್ಕೋತೀವಿ ಬಿಡ್ರಿ’ ಎನ್ನುವ ಏಜೆಂಟರು ಸಿಗುತ್ತಾರೆ. ಅದು ಖೊಟ್ಟಿ ಸಹಿ, ಕ್ರಿಮಿನಲ್ ಕೇಸಿನ ಬಾಬತ್ತು.

ಎರಡನೇ ಹೆಜ್ಜೆಗೆ ನಮೂನೆ 29 ಎರಡು ಪ್ರತಿ, ನಮೂನೆ 30 ಒಂದು. 29 ಎಂದರೆ ‘ನಾನು ಗಾಡಿ ಕೊಟ್ಟೆ’ ಎಂದು ನೀವು ಕೊಡುವ ತಿಳಿವಳಿಕೆ, ಅದಕ್ಕೆ 14 ದಿನ. 30 ಎಂದರೆ ‘ನನ್ನ ಹೆಸರಿಗೆ ಮಾಡಿಕೊಡಿ’ ಎಂದು ಪಡೆಯುವವರ ಅರ್ಜಿ, ಅದಕ್ಕೆ 30 ದಿನ. ಕೇಂದ್ರದ ನಿಯಮದಂತೆ ಕಾರಿನ ವರ್ಗಾವಣೆಗೆ 300 ರೂಪಾಯಿ, ಸ್ಮಾರ್ಟ್ ಕಾರ್ಡಿಗೆ 200. ತಡವಾದರೆ ದಂಡ ಬೇರೆ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಕೂತೇ ಇರುವುದು ಹಳೇ ಗಾಡಿಗಳಲ್ಲಿ ಮಾಮೂಲು. ಆರ್‌ಸಿ ತೆರೆದು ನೋಡಿ, ಇದ್ದರೆ ಬ್ಯಾಂಕಿನಿಂದ ನಮೂನೆ 35 ಮತ್ತು ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಮೊದಲು ಅದನ್ನು ತೆಗೆಸಿ. 2019ರ ಏಪ್ರಿಲ್‌ಗಿಂತ ಮುಂಚಿನ ಗಾಡಿಯಾದ್ದರಿಂದ ಎಚ್‌ಎಸ್‌ಆರ್‌ಪಿ ಎಂಬ ಹೈ ಸೆಕ್ಯುರಿಟಿ ನಂಬರ್ ಪ್ಲೇಟನ್ನೂ ಹಾಕಿಸಿರಬೇಕು. ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಹೊಗೆ ತಪಾಸಣೆ ಚೀಟಿ ಬೇಕು, ಬಾಕಿ ಚಲನ್ ಇರಬಾರದು.

ಅರ್ಜಿಗೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಕೇಳುತ್ತಾರೆ. ಇದು ಸಣ್ಣ ಕೆಲಸ, ಆದರೆ ಕೆಡುವುದೂ ಇಲ್ಲೇ. ಚಾಸಿ ನಂಬರು ಎಷ್ಟೋ ಗಾಡಿಗಳಲ್ಲಿ ಬಾನೆಟ್ ಎತ್ತಿದರೆ ಎಂಜಿನ್ ಹಿಂದಿನ ತಗಡಿನ ಗೋಡೆಯ ಮೇಲೆ, ಕೆಲವಲ್ಲಿ ಮುಂದಿನ ಸೀಟಿನ ಕೆಳಗೆ ಕೊರೆದಿರುತ್ತದೆ. ನಮ್ಮ ಕಡೆಯ ಧೂಳು, ಎಣ್ಣೆ ಸೇರಿ ಅಕ್ಷರಗಳ ಗುಳಿ ತುಂಬಿಕೊಂಡಿರುತ್ತದೆ. ಸೀಮೆಎಣ್ಣೆ ಹಚ್ಚಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒರೆಸಿ, ಪೂರ್ತಿ ಒಣಗಿದ ಮೇಲೆ ತೆಳು ಬಿಳಿ ಹಾಳೆ ಇಟ್ಟು ಮೆತ್ತನೆಯ ಪೆನ್ಸಿಲನ್ನು ಅಡ್ಡ ಹಿಡಿದು ಉಜ್ಜಿ. 17 ಅಕ್ಷರ-ಅಂಕಿ ಮೂಡಬೇಕು. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಇರುವುದೇ ಇಲ್ಲ, ಹಾಗಾಗಿ ದುಂಡಗೆ ಕಂಡದ್ದು ಸೊನ್ನೆಯೇ. ತುಕ್ಕು ಹಿಡಿದು ಒಂದು ಅಕ್ಷರ ಅಳಿಸಿದ್ದರೂ ತಕರಾರು ಬರುತ್ತದೆ. ಮೂರು-ನಾಲ್ಕು ಪ್ರಿಂಟ್ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಸಂಸ್ಥೆಯ ಕಡೆಯಿಂದ ನೋಂದಣಿ ಪ್ರಮಾಣಪತ್ರ ಅಥವಾ ಟ್ರಸ್ಟ್ ಡೀಡ್, ಸಂಸ್ಥೆಯ ಪ್ಯಾನ್, ವಿಳಾಸದ ದಾಖಲೆ, ಶಿಕ್ಕಾ ಬೇಕು. ಎಲ್ಲಕ್ಕಿಂತ ಮುಖ್ಯ ಆಡಳಿತ ಮಂಡಳಿಯ ಠರಾವು: ಈ ನಂಬರಿನ ಗಾಡಿಯನ್ನು ದಾನವಾಗಿ ಪಡೆಯುತ್ತೇವೆ, ಕಾಗದಪತ್ರಕ್ಕೆ ಇಂಥವರು ಸಹಿ ಹಾಕುತ್ತಾರೆ ಎಂದು. ‘ಅಧ್ಯಕ್ಷರ ಹೆಸರಿಗೇ ಮಾಡಿಬಿಡಿ, ಸಲೀಸು’ ಎಂದರೆ ಒಪ್ಪಬೇಡಿ. ಆಗ ಗಾಡಿ ಆಶ್ರಮದ್ದಲ್ಲ, ಅಧ್ಯಕ್ಷರದ್ದು. ಅವರು ಕುರ್ಚಿ ಬಿಟ್ಟ ದಿನ ಕಾರೂ ಅವರ ಹಿಂದೆಯೇ ಹೋಗಬಹುದು.

ಇನ್ನು ತೆರಿಗೆ. 80ಜಿ, ಅಂದರೆ ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ, ಹಣದ ದಾನಕ್ಕೆ ಮಾತ್ರ. ಕಾರು, ಅಕ್ಕಿ, ಹಾಸಿಗೆ ಯಾವ ವಸ್ತು ಕೊಟ್ಟರೂ ಇಲ್ಲ. ನಗದಾದರೆ 2,000 ರೂಪಾಯಿ ಮೀರಿದ್ದಕ್ಕೂ ಇಲ್ಲ. ಕಾರು ಮಾರಿ ಬಂದ ರೊಕ್ಕವನ್ನು ಚೆಕ್ ಅಥವಾ ಬ್ಯಾಂಕ್ ಮೂಲಕ 80ಜಿ ನೋಂದಣಿ ಇರುವ ಸಂಸ್ಥೆಗೆ ಕೊಟ್ಟರೆ, ಸಾಮಾನ್ಯವಾಗಿ ಅದರ ಅರ್ಧದಷ್ಟು ಮೊತ್ತ ನಿಮ್ಮ ಆದಾಯದಿಂದ ಕಳೆಯುತ್ತದೆ, ಅದೂ ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ. ಮನೆಬಳಕೆಯ ಕಾರು ಮಾರಿದ ಹಣಕ್ಕೆ ಬಂಡವಾಳ ಲಾಭದ ತೆರಿಗೆಯೂ ಬೀಳುವುದಿಲ್ಲ.

ಹಾಗಾದರೆ ಕಾರೇ ಕೊಡಬೇಕೋ, ಮಾರಿ ರೊಕ್ಕ ಕೊಡಬೇಕೋ? ಆಶ್ರಮದವರಿಗೆ ಮೂರು ಮಾತು ಕೇಳಿ: ಓಡಿಸುವವರು ಯಾರು, ನಿಲ್ಲಿಸುವುದೆಲ್ಲಿ, 2027ರಲ್ಲಿ ಏನು ಮಾಡುತ್ತೀರಿ? ಮೂರನೆಯದನ್ನು ಯಾರೂ ಯೋಚಿಸಿರುವುದಿಲ್ಲ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ನಿಮ್ಮದು 2027ಕ್ಕೆ. ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೆ ನವೀಕರಿಸಬೇಕು. ಶುಲ್ಕವೇ 5,000 ರೂಪಾಯಿ, ಹಸಿರು ತೆರಿಗೆ, ರಿಪೇರಿ ಬೇರೆ. ಇನ್ಶೂರೆನ್ಸ್ ವರ್ಷ ವರ್ಷ ಬರುವ ಖರ್ಚು. 2022ರ ಜೂನ್‌ನಿಂದ ಜಾರಿಗೆ ಬಂದ ದರದಲ್ಲಿ 1,000 ಸಿಸಿ ಒಳಗಿನ ಕಾರಿಗೆ ಥರ್ಡ್ ಪಾರ್ಟಿ ಮಾತ್ರವೇ 2,094 ರೂಪಾಯಿ, ಜಿಎಸ್‌ಟಿ ಪ್ರತ್ಯೇಕ. ಸಂಬಳದ ಡ್ರೈವರ್ ಇದ್ದರೆ ಅವನ ಹೊಣೆಗೆ 50 ರೂಪಾಯಿ ಸೇರಿಸಿಸಿ. ಇದನ್ನು ಬಿಡುವವರೇ ಹೆಚ್ಚು.

ವ್ಯಾಗನ್‌ಆರ್ ಎತ್ತರದ ಗಾಡಿ. ಮೊಣಕಾಲು ನೋವಿನವರು ತಗ್ಗದೆ, ಬಾಗದೆ ಕೂರಬಹುದು, ಕಿಮ್ಸ್‌ಗೋ ಜಿಲ್ಲಾ ಆಸ್ಪತ್ರೆಗೋ ಕರೆದೊಯ್ಯಲು ಹೇಳಿಮಾಡಿಸಿದ್ದು. ಡ್ರೈವಿಂಗ್ ಬಲ್ಲ ಕಾಯಂ ಸಿಬ್ಬಂದಿ ಇದ್ದರೆ ಕಾರೇ ಕೊಡಿ. ಇಲ್ಲದಿದ್ದರೆ ಪುಕ್ಕಟೆ ಸಿಕ್ಕಿತೆಂದು ಆನೆ ತಂದು ಕಟ್ಟಿಕೊಂಡ ಹಾಗೆ, ಆರು ತಿಂಗಳಲ್ಲಿ ಬೇವಿನ ಮರದ ಕೆಳಗೆ ನಿಂತು ಇಲಿಗಳು ವೈರಿಂಗ್ ಕಡಿದಿರುತ್ತವೆ. ಅಂಥಲ್ಲಿ ರೊಕ್ಕವೇ ಲೇಸು. ಪುಣೆಯ ಮಗನ ಎಂಎಚ್-12 ಕಾರು ಕೊಡಬೇಕೆಂದಿರುವವರಿಗೂ ಇದೇ ಮಾತು: ಎನ್‌ಒಸಿ ತಂದು ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕಾಗುತ್ತದೆ, ಅಲ್ಲೇ ಮಾರುವುದು ವಾಸಿ. ಎಂಜಿನ್ನೇ ಹೋಗಿದ್ದರೆ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಒಪ್ಪಿಸಿ, ಆರ್‌ಸಿ ರದ್ದು ಮಾಡಿಸಿ, ಬಂದಷ್ಟನ್ನು ಕೊಡಿ.

ಒಂದು ಎಚ್ಚರಿಕೆ ಆಶ್ರಮದವರಿಗೆ. ಬಿಳಿ ಬೋರ್ಡಿನ ಗಾಡಿಯಲ್ಲಿ ರೋಗಿಗಳನ್ನು ‘ಡೀಸೆಲ್-ಪೆಟ್ರೋಲ್ ಖರ್ಚು ಕೊಡ್ರಿ’ ಎಂದು ಬಾಡಿಗೆ ತೆಗೆದುಕೊಂಡು ಒಯ್ದರೆ ಪರ್ಮಿಟ್ ಇಲ್ಲದ ಬಾಡಿಗೆ ಗಾಡಿಯಾಗುತ್ತದೆ, ಇನ್ಶೂರೆನ್ಸಿನವರಿಗೆ ಕೈ ಎತ್ತಲು ಕಾರಣ ಸಿಗುತ್ತದೆ. ಹಿಂದಿನ ಸೀಟು ಕಿತ್ತು ಆಂಬುಲೆನ್ಸ್ ಎಂದು ಬರೆಸುವುದೂ ಆಗದು, ಮಾರ್ಪಾಡಿಗೆ ಆರ್‌ಟಿಒ ಅನುಮತಿ ಬೇಕು.

ಕೊಡುವ ಮುನ್ನ ಟೈರಿನ ಪಕ್ಕದ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದ್ದು. ಮೇಲಿನ ಗೆರೆಗಳು ಸವೆಯದಿದ್ದರೂ ಆರು ವರ್ಷ ದಾಟಿದ ಟೈರು ಹೆದ್ದಾರಿಗೆ ಬೇಡ. ನಿಂತು ನಿಂತು ಬ್ಯಾಟರಿ ಸತ್ತಿದ್ದರೆ ಹೊಸದು ಹಾಕಿಸಿಯೇ ಕೊಡಿ, ಅದನ್ನು ಆಶ್ರಮದ ಲೆಕ್ಕಕ್ಕೆ ಬಿಡುವುದು ದಾನಕ್ಕೆ ಶೋಭೆಯಲ್ಲ.

ಒಪ್ಪಿಸುವ ದಿನ ಎರಡು ಪ್ರತಿ ಪತ್ರ ಮಾಡಿ ಇಬ್ಬರೂ ಸಹಿ ಹಾಕಿ. ತಾರೀಖಿನ ಜೊತೆ ಗಂಟೆ-ನಿಮಿಷವನ್ನೂ ಬರೆಯಿರಿ, ಅಂದು ಸಂಜೆಯೇ ಚಲನ್ ಬಿದ್ದರೆ ಅದು ಬೇಕಾಗುತ್ತದೆ. ಮೀಟರ್ ಓದು, ಎರಡೂ ಕೀಲಿ, ಸ್ಟೆಪ್ನಿ, ಜಾಕ್ ನಮೂದಿಸಿ. ಪಾಲಿಸಿಯನ್ನು ಸಂಸ್ಥೆಯ ಹೆಸರಿಗೆ ಮಾಡಿಸಲು ಅವರಿಗೆ 14 ದಿನ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಗಾಡಿಯ ಜೊತೆ ಹೋಗುವುದಿಲ್ಲ. ಮನೆಗೆ ಬೇರೆ ಕಾರು ಕೊಳ್ಳುವವರಿದ್ದರೆ, ಪಾಲಿಸಿ ನಿಮ್ಮ ಹೆಸರಿಗೆ ಬಂದ ಮೇಲೆ ಕಂಪನಿಯಿಂದ ಈ ಬೋನಸ್ಸಿನ ಪತ್ರ ಕೇಳಿ, 3 ವರ್ಷ ಬಾಳುತ್ತದೆ. ಫಾಸ್ಟ್‌ಟ್ಯಾಗನ್ನು ಗಾಜಿನಿಂದ ಕೆರೆದು ತೆಗೆದರೆ ಮುಗಿಯಲಿಲ್ಲ, ಕೊಟ್ಟ ಬ್ಯಾಂಕಿನಲ್ಲಿ ಮುಚ್ಚಿಸಬೇಕು. ಮುಚ್ಚಿಸದಿದ್ದರೆ ಅದೇ ನಂಬರಿಗೆ ಆಶ್ರಮದವರಿಗೆ ಹೊಸ ಟ್ಯಾಗ್ ಸಿಗುವುದಿಲ್ಲ.