ಹಾಡಿಗೆ ಬಿಯರ್, ಬಿಯರಿಗೆ ಅಕ್ಕಿ

1950ರ ದಶಕದ ಆರಂಭ. ಕೊರಿಯಾ ಯುದ್ಧದಲ್ಲಿ ನುಚ್ಚುನೂರಾದ ಸಿಯೋಲ್. ಅಲ್ಲಿ ಅಮೆರಿಕನ್ ಸೈನಿಕರ ಮುಂದೆ ಚಿಕ್ಕ ಹುಡುಗಿಯರು ಇಂಗ್ಲಿಷ್ ಹಾಡು ಹಾಡುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅಮ್ಮ ಬಾಯಿಪಾಠ ಮಾಡಿಸಿದ್ದರು ಅಷ್ಟೇ. ಸೈನಿಕರು ಖುಷಿಯಿಂದ ಬಿಯರ್, ವಿಸ್ಕಿ ಬಾಟಲಿ ಕೊಡುತ್ತಿದ್ದರು. ಅದನ್ನು ಕಾಳಸಂತೆಯಲ್ಲಿ ಮಾರಿದರೆ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಮುಂದೆ ಈ ತಂಡ ‘ಕಿಮ್ ಸಿಸ್ಟರ್ಸ್’ ಎಂದು ಹೆಸರಾಯಿತು.

ಸೇನಾ ನೆಲೆಗಳ ಮನರಂಜನೆ ಅಂದರೆ ಜಗತ್ತಿಗೆ ಇವರು ನೆನಪಾಗುವುದಿಲ್ಲ. ನೆನಪಾಗುವುದು ಹಾಲಿವುಡ್ ನಟಿ ಮರ್ಲಿನ್ ಮನ್ರೋ. 1954ರ ಫೆಬ್ರವರಿಯ ಕೊರೆಯುವ ಚಳಿಯಲ್ಲಿ, ತೆಳು ಉಡುಪಿನಲ್ಲಿ, ಕೊರಿಯಾದ ವೇದಿಕೆಯ ಮೇಲೆ ನಿಂತ ಆ ಫೋಟೊ ನೋಡಿರುತ್ತೀರಿ. ನಾಲ್ಕು ದಿನ, ಹತ್ತು ಪ್ರದರ್ಶನ, ಲಕ್ಷಕ್ಕೂ ಜಾಸ್ತಿ ಸೈನಿಕರು. ದೊಡ್ಡ ಸಂಗತಿಯೇ. ಆದರೆ ಉಳಿದ ದಿನಗಳಲ್ಲಿ ಹಾಡಿದವರು ಯಾರು?

ಈ ವ್ಯವಸ್ಥೆ ದೊಡ್ಡದಾಗಿ ಬೆಳೆದದ್ದು ಎರಡನೇ ಮಹಾಯುದ್ಧದಲ್ಲಿ. 1939ರಲ್ಲಿ ಬ್ರಿಟನ್ ಸೈನಿಕರನ್ನು ರಂಜಿಸಲು ‘ಎನ್ಸಾ’ (ENSA) ಎಂಬ ಸಂಸ್ಥೆ ಕಟ್ಟಿತು. ಅದರ ಕಾರ್ಯಕ್ರಮಗಳ ಗುಣಮಟ್ಟ ಎಷ್ಟು ಏರುಪೇರಾಗಿತ್ತೆಂದರೆ, ಸೈನಿಕರು ಆ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ‘ದಿನಾ ರಾತ್ರಿ ಏನೋ ಒಂದು ಘೋರ’ ಎಂದು ಬಿಡಿಸಿ ನಗುತ್ತಿದ್ದರು! ಆದರೂ 1944ರಲ್ಲಿ ಗಾಯಕಿ ವೆರಾ ಲಿನ್ ಬರ್ಮಾ ರಣರಂಗದವರೆಗೂ ಹೋಗಿ ಹಾಡಿದರು. ಅಲ್ಲಿದ್ದ ಹದಿನಾಲ್ಕನೇ ಸೇನೆಯಲ್ಲಿ ಹೆಚ್ಚಿನವರು ಭಾರತೀಯರೇ. ನಮ್ಮವರಿಗೆ ‘ಫೌಜಿ ದಿಲ್‌ಖುಷ್ ಸಭಾ’ ಎಂಬ ಬೇರೆಯೇ ಏರ್ಪಾಡಿತ್ತು.

ಅಮೆರಿಕದಲ್ಲಿ 1940ರಲ್ಲಿ ಕಡ್ಡಾಯ ಸೇನಾ ಭರ್ತಿ ಬಂತು. ಲಕ್ಷಾಂತರ ಹುಡುಗರು ಸಣ್ಣಪುಟ್ಟ ಊರುಗಳ ಶಿಬಿರಗಳಿಗೆ ಬಂದಿಳಿದರು. ರಜೆ ಸಿಕ್ಕಾಗ ಅವರು ಎಲ್ಲಿಗೆ ಹೋಗಬೇಕು? ಕುಡಿತ, ವೇಶ್ಯಾಗೃಹ ಎಂದು ಹಿರಿಯರಿಗೆ ಚಿಂತೆ. ಹಾಗಾಗಿ 1941ರ ಫೆಬ್ರವರಿಯಲ್ಲಿ ಆರು ಸಂಘಟನೆಗಳು ಸೇರಿ, ಸೈನಿಕರ ಬಿಡುವು, ಮನರಂಜನೆ ನೋಡಿಕೊಳ್ಳುವ ‘ಯುಎಸ್ಒ’ (ಯುನೈಟೆಡ್ ಸರ್ವಿಸ್ ಆರ್ಗನೈಸೇಷನ್ಸ್) ಸ್ಥಾಪಿಸಿದವು. ವೈಎಂಸಿಎ, ಸಾಲ್ವೇಶನ್ ಆರ್ಮಿಯಂಥ ಕ್ರೈಸ್ತ ಸೇವಾಸಂಸ್ಥೆಗಳು ಕೂಡ ಅದರಲ್ಲಿದ್ದವು. ಅಂದರೆ ಇದರ ಬೇರಿರುವುದು ಹಾಲಿವುಡ್ಡಿನಲ್ಲಲ್ಲ, ಹುಡುಗರು ದಾರಿ ತಪ್ಪದಿರಲಿ ಎಂಬ ದಾನಧರ್ಮದವರ ಆತಂಕದಲ್ಲಿ. ಹಾಸ್ಯಗಾರ ಬಾಬ್ ಹೋಪ್ ಅದೇ ವರ್ಷದ ಮೇ ತಿಂಗಳಲ್ಲಿ ಮೊದಲ ಬಾರಿ ಸೈನಿಕರನ್ನು ನಗಿಸಿದರು. ಆಮೇಲೆ ಅರ್ಧ ಶತಮಾನ ನಿಲ್ಲಿಸಲೇ ಇಲ್ಲ.

ವಿದೇಶದ ಸುತ್ತಾಟಕ್ಕೆ ‘ಫಾಕ್ಸ್‌ಹೋಲ್ ಸರ್ಕ್ಯೂಟ್’ ಎಂದು ಹೆಸರು. ಫಾಕ್ಸ್‌ಹೋಲ್ ಅಂದರೆ ಗುಂಡಿನಿಂದ ತಪ್ಪಿಸಿಕೊಳ್ಳಲು ಸೈನಿಕ ತೋಡಿಕೊಳ್ಳುವ ಗುಂಡಿ. ಅಲ್ಲಿಗೆಲ್ಲ ಪಿಯಾನೊ ಹೊತ್ತು ತರುವವರಾರು? ನಾಲ್ಕೈದು ಜನ, ಒಂದು ಅಕಾರ್ಡಿಯನ್, ಲಾರಿಯ ಹಿಂಭಾಗವೇ ವೇದಿಕೆ. ಯುದ್ಧಕಾಲದಲ್ಲಿ ಹೀಗೆ ಕುಣಿದು ಹಾಡಿದವರು 7,000ಕ್ಕೂ ಜಾಸ್ತಿ. ಅಪಾಯ ಸುಮ್ನೆ ಬಾಯಿಮಾತಲ್ಲ. 1943ರ ಫೆಬ್ರವರಿಯಲ್ಲಿ ಲಿಸ್ಬನ್ ಬಳಿ ವಿಮಾನ ನದಿಗೆ ಬಿದ್ದು ಗಾಯಕಿ ತಮಾರಾ ಡ್ರಾಸಿನ್ ಸತ್ತರು. ಅದೇ ವಿಮಾನದಲ್ಲಿದ್ದ ಇನ್ನೊಬ್ಬ ಗಾಯಕಿ ಜೇನ್ ಫ್ರೋಮನ್ ಅವರ ಕಾಲು ಜಜ್ಜಿಹೋಯಿತು. 1945ರಲ್ಲಿ ಫ್ರೋಮನ್ ಊರುಗೋಲು ಹಿಡಿದೇ ಯುರೋಪಿಗೆ ಹೋಗಿ ಸೈನಿಕರಿಗೆ ಹಾಡಿದರು. ನನಗಂತೂ ಮನ್ರೋ ಫೋಟೊಕ್ಕಿಂತ ಈ ಊರುಗೋಲೇ ದೊಡ್ಡದು.

ವಿಯೆಟ್ನಾಂ ಯುದ್ಧದ ಹೊತ್ತಿಗೆ ಕೆಲಸದ ಬಗೆ ಬದಲಾಗಿತ್ತು. ನೆಲೆಗಳ ಒಳಗಿನ ಕ್ಲಬ್ಬುಗಳಿಗೆ ದಿನಾ ಸಂಗೀತ ಬೇಕು. ಏಜೆಂಟರು ಫಿಲಿಪೀನ್ಸ್, ಕೊರಿಯಾ, ಆಸ್ಟ್ರೇಲಿಯಾಗಳಿಂದ ತಂಡ ಕರೆಸಿದರು. ಇದು ಸೇವೆಯಲ್ಲ, ಹೊಟ್ಟೆಪಾಡು. 1969ರ ಜುಲೈನಲ್ಲಿ ಡಾ ನಾಂಗ್ ಬಳಿಯ ಕ್ಲಬ್ಬಿನಲ್ಲಿ ಆಸ್ಟ್ರೇಲಿಯಾದ 19ರ ಹರೆಯದ ಗಾಯಕಿ ಕ್ಯಾಥಿ ವೇನ್ ವೇದಿಕೆಯ ಮೇಲೇ ಗುಂಡು ತಗುಲಿ ಸತ್ತಳು. ಹಾರಿಸಿದ್ದು ಶತ್ರುವಲ್ಲ, ನೆಲೆಯೊಳಗಿನ ಬಂದೂಕು.

ಕೊರಿಯಾದಲ್ಲಿ ಮಾತ್ರ ಈ ಹೊಟ್ಟೆಪಾಡು ಬೇರೆ ಫಲ ಕೊಟ್ಟಿತು. ಅಮೆರಿಕದ ಎಂಟನೇ ಸೇನೆಯ ಕ್ಲಬ್ಬುಗಳಲ್ಲಿ ಹಾಡಲು ಆಡಿಷನ್ ಪಾಸಾಗಬೇಕಿತ್ತು. ದರ್ಜೆ ಎಷ್ಟೋ ಸಂಬಳ ಅಷ್ಟು. ಜಾಝ್, ಕಂಟ್ರಿ, ರಾಕ್, ಕೇಳುಗ ಏನು ಕೇಳಿದರೂ ನುಡಿಸಬೇಕು. ಈ ಗರಡಿಯಲ್ಲಿ ಪಳಗಿದ ಗಿಟಾರ್ ವಾದಕ ಶಿನ್ ಜುಂಗ್-ಹ್ಯುನ್ ಮುಂದೆ ಕೊರಿಯನ್ ರಾಕ್‌ನ ಪಿತಾಮಹ ಎನಿಸಿಕೊಂಡರು. ಇವತ್ತು ನಮ್ಮ ಮಕ್ಕಳು ಗುನುಗುವ ಕೆ-ಪಾಪ್‌ಗೂ ಇಲ್ಲಿಗೂ ನಂಟು ಉಂಟು, ಅಲ್ವಾ?

ಕಿಮ್ ಸಿಸ್ಟರ್ಸ್ 1959ರಲ್ಲಿ ಲಾಸ್ ವೇಗಸ್ ತಲುಪಿದರು. ಅಮೆರಿಕದ ಹೆಸರಾಂತ ನಿರೂಪಕ ಎಡ್ ಸಲಿವನ್ನರ ಟಿವಿ ಕಾರ್ಯಕ್ರಮದಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡರು. 1963ರಲ್ಲಿ ಅದೇ ವೇದಿಕೆಗೆ ಅಮ್ಮ ಲೀ ನಾನ್-ಯಂಗ್ ಕೂಡ ಬಂದು ಅವರ ಜೊತೆ ಹಾಡಿದರು.