ಇಂದುಪ್ಪೂ ಉಪ್ಪೇ

"ಉಪ್ಪು ಪೂರಾ ಬಿಟ್ಟಿದ್ದೇವೆ ಮೇಡಂ, ಇಂದುಪ್ಪು ಮಾತ್ರ." ನೆಫ್ರೋಟಿಕ್ ಸಿಂಡ್ರೋಮ್‌ನಿಂದ (ಕಿಡ್ನಿಯಿಂದ ಪ್ರೋಟೀನ್ ಮೂತ್ರಕ್ಕೆ ಸೋರಿ ಮೈಗೆ ಬಾವು ಬರುವ ಕಾಯಿಲೆ) ಕಣ್ಣುರೆಪ್ಪೆ, ಕಾಲು ಊದಿದ ಮಗುವನ್ನು ಕರೆತಂದವರು ಹೇಳುವ ಮಾತಿದು. ಇಂದುಪ್ಪು (ಸೈಂಧವ ಲವಣ) ಬಹುಪಾಲು ಸೋಡಿಯಂ ಕ್ಲೋರೈಡೇ. ಕಲ್ಲುಪ್ಪೂ ಅಷ್ಟೆ. 'ಲೋ ಸೋಡಿಯಂ' ಉಪ್ಪಿನಲ್ಲಿ ಸೋಡಿಯಂನ ಒಂದು ಪಾಲಿನ ಜಾಗಕ್ಕೆ ಪೊಟ್ಯಾಸಿಯಂ ಬಂದಿರುತ್ತದೆ. ಕಿಡ್ನಿಯ ಶಕ್ತಿ ಕುಗ್ಗಿದ ಮಗುವಿಗೆ ಅದು ಹೃದಯದ ಬಡಿತವನ್ನೇ ಕೆಡಿಸೀತು. ಬೊಂಡದ ನೀರಿನಲ್ಲೂ (ಎಳನೀರು) ಪೊಟ್ಯಾಸಿಯಂ ಜಾಸ್ತಿ. ರಕ್ತಪರೀಕ್ಷೆ ನೋಡಿದ ಡಾಕ್ಟರು ಹೇಳದೆ ಎರಡೂ ಬೇಡ.

ಉಡುಪಿ, ಮಂಗಳೂರಿನ ಮನೆಗಳ ಮಳೆಗಾಲದ ದಾಸ್ತಾನೆಲ್ಲ ಉಪ್ಪಿನಲ್ಲೇ ಉಳಿಯುವಂಥದ್ದು: ಉಪ್ಪುಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ), ಮಿಡಿ ಉಪ್ಪಿನಕಾಯಿ, ಒಣಮೀನು, ಹಪ್ಪಳ. ಗಂಜಿಗೆ ಉಪ್ಪು ಹಾಕದೆ ಪಕ್ಕದಲ್ಲಿ ಒಣಸಿಗಡಿ ಚಟ್ನಿ ಇಟ್ಟರೆ ಏನು ಉಳಿಸಿದ ಹಾಗಾಯಿತು? ಸೊಳೆಯನ್ನು ಎಷ್ಟು ಸಲ ನೀರು ಬದಲಿಸಿ ನೆನೆಸಿದರೂ ಉಪ್ಪು ಪೂರ್ತಿ ಬಿಡುವುದಿಲ್ಲ. ಗೋಳಿಬಜೆಗೆ ಹಾಕುವ ಸೋಡದಲ್ಲೂ ಸೋಡಿಯಂ ಇದೆ, ನಾಲಿಗೆಗೆ ತಿಳಿಯುವುದಿಲ್ಲ ಅಷ್ಟೆ.

ಬಾವು ಇರುವಾಗ ಸಾಮಾನ್ಯವಾಗಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 46 ಮಿಲಿಗ್ರಾಂ ಸೋಡಿಯಂ ಮಿತಿ. 15 ಕಿಲೋ ಮಗುವಿಗೆ 690 ಮಿಲಿಗ್ರಾಂ. ಹಾಲು, ಮೊಟ್ಟೆ, ಮೀನಿನಲ್ಲಿ ತಾನಾಗಿಯೇ ಇರುವುದನ್ನು ಕಳೆದರೆ ಮೇಲಿಂದ ಹಾಕಲು ಉಳಿಯುವುದು ಅಂದಾಜು 1 ಗ್ರಾಂ ಉಪ್ಪು, ಟೀ ಚಮಚದ ಕಾಲುಭಾಗವೂ ತುಂಬದು. ಬೆಳಿಗ್ಗೆಯೇ ತೂಗಿ ಒಂದು ಡಬ್ಬಿಗೆ ಹಾಕಿಡಿ. ಮಗುವಿನ ಇಡೀ ದಿನದ ಅಡುಗೆಗೆ ಅದರಿಂದಲೇ ತೆಗೆಯಬೇಕು. ಇಡ್ಲಿ, ನೀರುದೋಸೆ ಹಿಟ್ಟಿಗೆ ಉಪ್ಪು ಬೀಳುವ ಮೊದಲೇ ಮಗುವಿನ ಪಾಲು ತೆಗೆದಿಡಿ (ಉಪ್ಪಿಲ್ಲದೆಯೂ ಇಡ್ಲಿ ಹಿಟ್ಟು ಹುಳಿ ಬರುತ್ತದೆ). ಮೀನಿನ ತುಂಡನ್ನು ಉಪ್ಪು ಸವರಿ ತೊಳೆಯುವ ರೂಢಿ ಆ ಒಂದು ತುಂಡಿಗೆ ಬೇಡ. ರುಚಿಗೆ ಲಿಂಬೆ, ಜೀರಿಗೆ, ಬೆಳ್ಳುಳ್ಳಿ, ಕಾಯಿತುರಿ ಇವೆಯಲ್ಲ.

ಉಪ್ಪಿನ ಜೊತೆಗೆ ಬೇಳೆ, ಮೀನನ್ನೂ ನಿಲ್ಲಿಸುವವರಿದ್ದಾರೆ. ಡಯಾಲಿಸಿಸ್‌ನಲ್ಲಿರುವ ಅಜ್ಜನ ಹಳೆಯ ಡಯಟ್ ಚೀಟಿಯನ್ನು ಮೊಮ್ಮಗನಿಗೆ ಅನ್ವಯಿಸುವವರೂ ಇದ್ದಾರೆ. ಬೆಳೆಯುವ ಮಗುವಿಗೆ ಕಿಲೋಗೆ ಒಂದೂವರೆಯಿಂದ ಎರಡು ಗ್ರಾಂ ಪ್ರೋಟೀನ್ ಬೇಕು. 15 ಕಿಲೋಗೆ ಒಂದು ಮೊಟ್ಟೆ ಇಲ್ಲವೆ ಸಣ್ಣ ತುಂಡು ಬಂಗುಡೆ, ಒಂದು ಲೋಟ ಹಾಲು, ಒಂದು ಹಿಡಿ ಬೇಳೆ, ಜೊತೆಗೆ ಅನ್ನ, ಇಷ್ಟರಲ್ಲಿ ಮುಗಿಯಿತು. ಪ್ರೋಟೀನ್ ಪುಡಿ ಸುರಿದರೆ ಹೆಚ್ಚಾದದ್ದು ಮೂತ್ರದಲ್ಲೇ ಸೋರುತ್ತದೆ.

ಈ ಪ್ರೋಟೀನ್ ಸೋರಿಕೆ ನಿಲ್ಲಿಸುವುದು ಮಾತ್ರೆ, ಪಥ್ಯವಲ್ಲ. ಪಥ್ಯ ಸರಿಯಿದೆಯೆಂದು ಪ್ರೆಡ್ನಿಸೊಲೋನ್ (ಈ ಕಾಯಿಲೆಗೆ ಕೊಡುವ ಸ್ಟೀರಾಯ್ಡ್ ಮಾತ್ರೆ) ತಾವಾಗಿಯೇ ನಿಲ್ಲಿಸಬೇಡಿ. ವಾಂತಿಭೇದಿ ಶುರುವಾದರೆ ಉಪ್ಪು, ನೀರಿನ ಲೆಕ್ಕ ಬದಲಾಗುತ್ತದೆ. ಅದೇ ದಿನ ಫೋನ್ ಮಾಡಿ. ದಿನವೂ ಬೆಳಗಿನ ಮೊದಲ ಮೂತ್ರವನ್ನು ಪ್ರೋಟೀನ್ ಪರೀಕ್ಷೆಯ ಪಟ್ಟಿಯಲ್ಲಿ (ಡಿಪ್‌ಸ್ಟಿಕ್) ನೋಡಿ ಬರೆದಿಡಿ. ಸತತ ಮೂರು ದಿನ ಪ್ರೋಟೀನ್ 'ಇಲ್ಲ' ಅಥವಾ 'ಲೇಶ' ಎಂದು ಬಂದು ಬಾವೂ ಇಳಿದ ಮೇಲೆ ಮನೆಯವರೆಲ್ಲ ತಿನ್ನುವ ಹದವಾದ ಉಪ್ಪಿನ ಊಟ ಮಗುವಿಗೂ ಆದೀತು. ಮಿಡಿ ಉಪ್ಪಿನಕಾಯಿ ಆಗಲೂ ಅಪರೂಪಕ್ಕೆ, ನೆಕ್ಕುವಷ್ಟು.