ರಸಸಾರದ ಅಳತೆಗೆ 0 ಮತ್ತು 14ರ ಬೇಲಿ ಹಾಕಿದವರು ಯಾರು?

ಆರತಿ ತಟ್ಟೆಯ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದೊಡನೆ ನೀರು ಕೆಂಪಾಗುತ್ತದೆ. ಅದಕ್ಕೇ ನಿಂಬೆಹುಳಿ ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಸುಣ್ಣ ಪ್ರತ್ಯಾಮ್ಲ, ನಿಂಬೆ ಆಮ್ಲ ಎಂದು ಬಣ್ಣವೇ ಹೇಳಿಬಿಡುತ್ತದೆ. ಎಷ್ಟು ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೊಂದು ಸಂಖ್ಯೆ ಬೇಕು. ಪಠ್ಯಪುಸ್ತಕದಲ್ಲಿ ಆ ಸಂಖ್ಯೆಯ ಹೆಸರು ಪಿಎಚ್, ನಮ್ಮ ರೈತರ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ರಸಸಾರ.

ಶಾಲೆಯಲ್ಲಿ ಈ ಅಳತೆ ಬಣ್ಣದ ಪಟ್ಟಿಯಾಗಿ ಬರುತ್ತದೆ. ಎಡತುದಿಯಲ್ಲಿ ಕಡುಗೆಂಪು 0, ಬಲತುದಿಯಲ್ಲಿ ನೇರಳೆ 14, ನಡುವೆ ಹಸಿರು 7. ‘ಪಿಎಚ್ ಮೌಲ್ಯವು ಡ್ಯಾಶ್‌ನಿಂದ ಡ್ಯಾಶ್‌ವರೆಗೆ ಇರುತ್ತದೆ’ ಎಂಬ ಬಿಟ್ಟ ಸ್ಥಳ ತುಂಬಿ ನಾನೂ ಒಂದು ಅಂಕ ಗಿಟ್ಟಿಸಿದ್ದೇನೆ. ಆ ಅಂಕವನ್ನು ಈಗ ಹಿಂದಿರುಗಿಸಬೇಕೇನೋ. ಏಕೆಂದರೆ ಅಳತೆಯನ್ನು ಹುಟ್ಟುಹಾಕಿದ ವ್ಯಾಖ್ಯೆಯಲ್ಲಿ ಈ ಎರಡು ಬೇಲಿಗಳು ಇಲ್ಲವೇ ಇಲ್ಲ.

ಪಿಎಚ್ ಹುಟ್ಟಿದ್ದು ಬಿಯರ್ ಕಂಪನಿಯೊಂದರ ಪ್ರಯೋಗಾಲಯದಲ್ಲಿ. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬ್ರೂವರಿಯ ಒಡೆಯ ಜೆ.ಸಿ. ಯಾಕೋಬ್ಸನ್ 1875ರಲ್ಲಿ ಅದನ್ನು ಕಟ್ಟಿಸಿದರು. ಅಲ್ಲಿ ಸಿಕ್ಕ ಫಲಿತಾಂಶವನ್ನು ಗುಟ್ಟಾಗಿಡದೆ ಪ್ರಕಟಿಸಬೇಕು ಎಂಬುದು ಅವರ ಷರತ್ತು. ವ್ಯಾಪಾರಿಯೊಬ್ಬರು ಇಂಥ ಷರತ್ತು ಹಾಕಿದ್ದು ಸಣ್ಣ ಸಂಗತಿಯಲ್ಲ. 1901ರಲ್ಲಿ ಅಲ್ಲಿನ ರಸಾಯನ ವಿಭಾಗದ ಹೊಣೆ ಹೊತ್ತ ಸೋರೆನ್ ಸೋರೆನ್‌ಸನ್ ಕಿಣ್ವಗಳ ಬೆನ್ನು ಹತ್ತಿದ್ದರು. ಒಂದೊಂದು ಕಿಣ್ವವೂ ಹುಳಿಯ ಒಂದು ಹದದಲ್ಲಿ ಮಾತ್ರ ಚುರುಕಾಗಿರುತ್ತದೆ, ಹದ ತಪ್ಪಿದರೆ ಸುಮ್ಮನಾಗುತ್ತದೆ. ದ್ರಾವಣಕ್ಕೆ ಒಟ್ಟು ಎಷ್ಟು ಆಮ್ಲ ಸುರಿದೆವು ಎಂಬ ಲೆಕ್ಕದಿಂದ ಈ ಹದ ಸಿಗುವುದಿಲ್ಲ, ಅದರಲ್ಲಿ ಬಿಡಿಯಾಗಿರುವ ಹೈಡ್ರೋಜನ್ ಅಯಾನುಗಳು (ವಿದ್ಯುದಾವೇಶ ಹೊತ್ತ ಕಣಗಳು) ಎಷ್ಟು ಎಂಬುದೇ ಮುಖ್ಯ ಎಂದು ಅವರು ತೋರಿಸಿದರು.

ಆದರೆ ಆ ಅಯಾನುಗಳ ಪ್ರಮಾಣ, ಕಣಗಳನ್ನೆಣಿಸುವ ಮಾನವಾದ ಮೋಲಿನ ಲೆಕ್ಕದಲ್ಲಿ, ಲೀಟರಿಗೆ ಮೋಲಿನ ಹತ್ತು ಸಾವಿರದಲ್ಲೊಂದು ಭಾಗ, ಕೋಟಿಯಲ್ಲೊಂದು ಭಾಗ ಎಂಬಂಥದ್ದು. ಪ್ರತಿ ಸಾಲಿನಲ್ಲೂ ಸೊನ್ನೆಗಳ ಮೆರವಣಿಗೆ. 1909ರಲ್ಲಿ ಸೋರೆನ್‌ಸನ್ ಒಂದು ಸರಳ ಉಪಾಯ ಮಾಡಿದರು: ಆ ಪ್ರಮಾಣವನ್ನು ಹತ್ತರ ಘಾತವಾಗಿ ಬರೆದು, ಘಾತದ ಮುಂದಿನ ಋಣ ಚಿಹ್ನೆಯನ್ನು ಬಿಟ್ಟು, ಉಳಿದ ಅಂಕಿಯನ್ನಷ್ಟೇ ಇಟ್ಟುಕೊಂಡರು. ಸಾವಿರದಲ್ಲೊಂದು ಮೋಲ್ ಇದ್ದರೆ 3, ಕೋಟಿಯಲ್ಲೊಂದು ಇದ್ದರೆ 7. ಇದು ಲೇಖನಿಗೆ ದಣಿವಾಗದಿರಲೆಂದು ಮಾಡಿಕೊಂಡ ಸಂಕ್ಷೇಪ.

ಇದೇ ಲೆಕ್ಕವನ್ನು ಮುಂದುವರಿಸಿ ನೋಡಿ. ಲೀಟರಿಗೆ ಹತ್ತರಲ್ಲೊಂದು ಮೋಲ್ ಎಂದರೆ 1. ಪೂರ್ತಿ ಒಂದು ಮೋಲ್ ಎಂದರೆ 0. ಹತ್ತು ಮೋಲ್ ಇದ್ದರೆ? −1. ಇದಕ್ಕಾಗಿ ಎಲ್ಲಿಗೋ ಹೋಗಬೇಕಿಲ್ಲ. ಕಾಲೇಜು ಪ್ರಯೋಗಾಲಯದ ಕಪಾಟಿನಲ್ಲಿರುವ ಗಾಢ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಲೀಟರಿಗೆ ಸುಮಾರು 12 ಮೋಲ್ ಇರುತ್ತದೆ. ಗೋಡೆಯ ಮೇಲಿನ ಪಟ್ಟಿ 0ಗೆ ನಿಂತಿರುತ್ತದೆ, ಅದರ ಕೆಳಗಿನ ಬಾಟಲಿ ಅದನ್ನು ದಾಟಿ ಕುಳಿತಿರುತ್ತದೆ.

ಇನ್ನೊಂದು ತುದಿಯ 14 ಬಂದದ್ದು ನೀರಿನಿಂದ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಹೈಡ್ರೋಜನ್ ಮತ್ತು ಹೈಡ್ರಾಕ್ಸಿಲ್ ಅಯಾನುಗಳ ಪ್ರಮಾಣವನ್ನು ಗುಣಿಸಿದರೆ ಹತ್ತರ ಘಾತ −14 ಬರುತ್ತದೆ. ಹಾಗಾಗಿ ಲೀಟರಿಗೆ ಒಂದು ಮೋಲ್ ಕಾಸ್ಟಿಕ್ ಸೋಡಾ ಕರಗಿಸಿದರೆ 14, ಹತ್ತು ಮೋಲ್ ಕರಗಿಸಿದರೆ ಹೆಚ್ಚುಕಡಿಮೆ 15. ಅಂದರೆ ಪಟ್ಟಿಯ ಎರಡು ತುದಿಗಳೂ ‘ಇಲ್ಲಿ ಒಂದು ಮೋಲ್’ ಎಂದು ಹೇಳುವ ಮೈಲಿಗಲ್ಲುಗಳೇ ಹೊರತು ರಸ್ತೆ ಅಲ್ಲಿಗೆ ಮುಗಿಯುವುದಿಲ್ಲ. ನಡುವಿನ 7 ಕೂಡ ಕದಲದ ಗೂಟವಲ್ಲ. ಕುದಿಯುವ ಶುದ್ಧ ನೀರಿನ ಪಿಎಚ್ ಸುಮಾರು 6.1. ಹಾಗೆಂದು ಆ ನೀರು ಹುಳಿಯಾಗಿರುವುದಿಲ್ಲ. ಆ ಬಿಸಿಯಲ್ಲಿ ಆಮ್ಲವೂ ಅಲ್ಲದ ಪ್ರತ್ಯಾಮ್ಲವೂ ಅಲ್ಲದ ತಟಸ್ಥ ಬಿಂದುವೇ ಅಲ್ಲಿಗೆ ಇಳಿದಿರುತ್ತದೆ.

ಇಷ್ಟಾದರೆ ಪಟ್ಟಿಯನ್ನು ಎರಡೂ ಕಡೆ ಉದ್ದ ಮಾಡಿ ಸುಮ್ಮನಾಗಬಹುದಿತ್ತು. ನಿಜವಾದ ತೊಡಕು ಬೇರೆಯದು. ಗಾಢ ಆಮ್ಲದಲ್ಲಿ ಅಯಾನುಗಳ ಜಾತ್ರೆಯೇ ನೆರೆದಿರುತ್ತದೆ. ಪ್ರತಿಯೊಂದು ಹೈಡ್ರೋಜನ್ ಅಯಾನೂ ತನ್ನ ಸುತ್ತ ನೀರಿನ ಅಣುಗಳನ್ನು ಎಳೆದುಕೊಳ್ಳಬೇಕು, ಅಲ್ಲಿ ನೀರಿಗೇ ಬರ. ಹೀಗಾಗಿ ಅವುಗಳ ಪ್ರಭಾವ ಎಣಿಕೆಯನ್ನು ಮೀರಿಬಿಡುತ್ತದೆ. 1924ರಲ್ಲಿ ಸೋರೆನ್‌ಸನ್ ತಮ್ಮ ಸಹೋದ್ಯೋಗಿ ಲಿಂಡರ್‌ಸ್ಟ್ರೋಮ್-ಲಾಂಗ್ ಜೊತೆ ಸೇರಿ ವ್ಯಾಖ್ಯೆಯನ್ನು ತಿದ್ದಿದರು: ಎಣಿಕೆಯ ಬದಲು ಅಯಾನಿನ ಕ್ರಿಯಾಶೀಲತೆಯನ್ನು, ಅಂದರೆ ಅದು ನಿಜಕ್ಕೂ ಬೀರುವ ಪ್ರಭಾವವನ್ನು, ಹಿಡಿಯಬೇಕು. ಮಾತು ಸರಿ, ಆದರೆ ಒಂಟಿ ಅಯಾನಿನ ಕ್ರಿಯಾಶೀಲತೆಯನ್ನು ಬೇರ್ಪಡಿಸಿ ಅಳೆಯಲು ಯಾವ ದಾರಿಯೂ ಇಲ್ಲ. ಒಂದಷ್ಟು ಒಪ್ಪಂದಗಳ ಮೇಲೆ ಕೆಲಸ ನಡೆಯಬೇಕು. ಆ ಒಪ್ಪಂದಗಳು ತೆಳುವಾದ ದ್ರಾವಣಗಳಿಗೆ ಮಾತ್ರ, ಸುಮಾರಾಗಿ 2ರಿಂದ 12ರ ನಡುವೆ, ನೆಚ್ಚಿಕೊಳ್ಳುವಂತಿವೆ. ಹಾಗೆ ನೋಡಿದರೆ ಪಠ್ಯಪುಸ್ತಕದ ಬೇಲಿ ಒಂದು ರೀತಿಯಲ್ಲಿ ತೀರಾ ಇಕ್ಕಟ್ಟು, ಇನ್ನೊಂದು ರೀತಿಯಲ್ಲಿ ತೀರಾ ಧಾರಾಳ.

ಗಾಜಿನ ಎಲೆಕ್ಟ್ರೋಡಿನ ಮಾಪಕ ಬಂದ ಮೇಲೆ ಇದೆಲ್ಲ ಮರೆತೇಹೋಯಿತು. 1930ರ ದಶಕದಲ್ಲಿ ಅಮೆರಿಕದ ಆರ್ನಾಲ್ಡ್ ಬೆಕ್‌ಮನ್ ನಿಂಬೆರಸದ ಹುಳಿ ಅಳೆಯಬೇಕೆಂದು ಕೇಳಿದ ಹಳೆಯ ಸಹಪಾಠಿಗಾಗಿ ಅಂಥದ್ದೊಂದು ಪೆಟ್ಟಿಗೆ ತಯಾರಿಸಿಕೊಟ್ಟರು. ಅದ್ದಿದರೆ ಸಾಕು, ಅಂಕಿ ಬರುತ್ತದೆ. ಅಂಕಿ ಕಂಡಮೇಲೆ ಅನುಮಾನ ಯಾರಿಗೆ? ಆದರೆ ತೀರಾ ಗಾಢ ಆಮ್ಲದಲ್ಲೂ ತೀರಾ ಗಾಢ ಕ್ಷಾರದಲ್ಲೂ ಆ ಗಾಜು ಸುಳ್ಳು ಹೇಳುತ್ತದೆ.

ನೀರೇ ಇಲ್ಲದ ಅಥವಾ ನೀರು ಹೆಸರಿಗಷ್ಟೇ ಇರುವ ಆಮ್ಲಗಳಿಗಾಗಿ ಕೊಲಂಬಿಯಾ ವಿಶ್ವವಿದ್ಯಾಲಯದ ಲೂಯಿ ಹ್ಯಾಮೆಟ್ 1932ರಲ್ಲಿ ಮತ್ತೆ ಬಣ್ಣದ ಮೊರೆ ಹೋದರು. ಸುಲಭಕ್ಕೆ ಹೈಡ್ರೋಜನ್ ಅಯಾನನ್ನು ಹಿಡಿಯಲಾರದ ಸೂಚಕಗಳನ್ನು ಆಮ್ಲಕ್ಕೆ ಹಾಕಿ, ಎಷ್ಟು ಪಾಲು ಬಣ್ಣ ಬದಲಿಸಿತು ಎಂದು ಲೆಕ್ಕ ಹಾಕುವ ಕ್ರಮ. ನಮ್ಮ ಅರಿಶಿನ-ಸುಣ್ಣದ ಸೂತ್ರವೇ, ಸೂಕ್ಷ್ಮವಾಗಿ. ಆ ಅಳತೆಯಲ್ಲಿ ಅಪ್ಪಟ ಸಲ್ಫ್ಯೂರಿಕ್ ಆಮ್ಲ ಸುಮಾರು −12. ಅದನ್ನೂ ಮೀರಿಸುವವು ಸೂಪರ್ ಆಮ್ಲಗಳು. 1960ರ ದಶಕದಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಜಾರ್ಜ್ ಓಲಾ ಅವರ ಪ್ರಯೋಗಾಲಯದ ಸಂಶೋಧಕನೊಬ್ಬ ಕ್ರಿಸ್‌ಮಸ್ ಪಾರ್ಟಿಯಲ್ಲಿ ಉಳಿದ ಮೇಣದಬತ್ತಿಯ ತುಂಡನ್ನು ಅಂಥ ಆಮ್ಲಕ್ಕೆ ಹಾಕಿದ. ಯಾವುದಕ್ಕೂ ಜಗ್ಗದ ಮೇಣ ಕರಗಿಹೋಯಿತು. ಅಲ್ಲಿಂದ ಅದಕ್ಕೆ ಮ್ಯಾಜಿಕ್ ಆಮ್ಲ ಎಂದೇ ಹೆಸರು. ಓಲಾ ಅವರಿಗೆ 1994ರಲ್ಲಿ ನೊಬೆಲ್ ಬಂತು.

ಇವೆಲ್ಲ ಬಾಟಲಿಯೊಳಗಿನ ವಿಷಯವಾದರೆ, ಬೇಲಿಯನ್ನು ನಿಸರ್ಗವೇ ಮುರಿದ ಜಾಗವೊಂದು ಕ್ಯಾಲಿಫೋರ್ನಿಯಾದಲ್ಲಿದೆ. ರೆಡಿಂಗ್ ಪಟ್ಟಣದ ಬಳಿಯ ಐರನ್ ಮೌಂಟನ್ ಗಣಿಯಲ್ಲಿ ತಾಮ್ರ, ಸತು, ಬೆಳ್ಳಿ ತೆಗೆದು 1963ರಲ್ಲಿ ಕೆಲಸ ನಿಲ್ಲಿಸಿದರು. ಒಳಗುಳಿದ ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಮಾತ್ರ ಗಾಳಿ, ನೀರು, ಸೂಕ್ಷ್ಮಜೀವಿಗಳ ಜೊತೆ ಸೇರಿ ಸಲ್ಫ್ಯೂರಿಕ್ ಆಮ್ಲ ತಯಾರಿಸುತ್ತಲೇ ಹೋಯಿತು. ಬಿಸಿಗೆ ನೀರು ಆವಿಯಾದಂತೆ ಆಮ್ಲ ಗಟ್ಟಿಯಾಯಿತು. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯ ಡಾರೆಲ್ ನಾರ್ಡ್‌ಸ್ಟ್ರಮ್ ಮತ್ತು ಚಾರ್ಲ್ಸ್ ಆಲ್ಪರ್ಸ್ ಅದರೊಳಗೆ ಇಳಿದು ನೀರು ಹಿಡಿದು ತಂದರು. ಅಂಗಡಿಯಲ್ಲಿ ಸಿಗುವ, ಪಿಎಚ್ ಮೊದಲೇ ಗೊತ್ತಿರುವ 4, 7, 10ರ ಬಫರ್‌ಗಳಿಂದ ಮಾಪಕವನ್ನು ಹೊಂದಿಸಿಕೊಳ್ಳುವ ರೂಢಿ ಅಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ. ಪ್ರಮಾಣ ಗೊತ್ತಿರುವ ಸಲ್ಫ್ಯೂರಿಕ್ ಆಮ್ಲದ ದ್ರಾವಣಗಳನ್ನೇ ಆಧಾರವಾಗಿಟ್ಟುಕೊಂಡು, ಅವುಗಳ ಪಿಎಚ್‌ ಅನ್ನು ಗಣಿತದಿಂದ ಕಂಡುಕೊಂಡು ಅಳೆಯಬೇಕಾಯಿತು. 2000ದಲ್ಲಿ ಪ್ರಕಟವಾದ ಅವರ ತಂಡದ ಲೇಖನದಲ್ಲಿದ್ದ ಅತಿ ಕೆಳಗಿನ ಸಂಖ್ಯೆ −3.6.

ಅದೇ ವರ್ಷ ಅದೇ ಗಣಿಯಿಂದ ಇನ್ನೊಂದು ಸುದ್ದಿ ಬಂತು. ಫೆರೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಅಲ್ಲಿನ ಆಮ್ಲದ ನೀರಿನಲ್ಲಿ ಕಬ್ಬಿಣವನ್ನು ಉತ್ಕರ್ಷಿಸಿ ಬದುಕುತ್ತಿತ್ತು. ಅದಕ್ಕೆ ಕೋಶಭಿತ್ತಿಯೂ ಇಲ್ಲ, ಇರುವುದು ತೆಳ್ಳನೆಯ ಪೊರೆಯೊಂದೇ. ಅದು ಬೆಳೆಯಬಲ್ಲ ಕನಿಷ್ಠ ಪಿಎಚ್ 0, ನಮ್ಮ ಬಣ್ಣದ ಪಟ್ಟಿಯ ಕಡುಗೆಂಪು ತುದಿ.